ವಾಡಿಯಲ್ಲಿ, ಮೂರು ಬೀಪು

ಉದ್ದನ್ನ ಬೀಪು ಮೂರು.
ಆಮ್ಯಾಲ ಫ್ಯಾನಿನ ಗರಗರ, ಆಮ್ಯಾಲ ಏನೂ ಇಲ್ಲ.

ಹಾಸುಗಲ್ಲಿನ ಮ್ಯಾಲ ಅಡ್ಡ ಮಲಗಿಸಿ
ಹೊಟ್ಟಿ ಬಿಚ್ಚೀನಿ.
ಹಲ್ಲಿ ತತ್ತಿ ಎರಡು, ಒಂದು ಒಡದದ್ದು.
ಫ್ಯಾಕ್ಟರಿ ಸಿಮೆಂಟೆಲ್ಲ ಇಲ್ಲೇ ಬಂದು ಕುಂತದ,
ನೀರು ಚಿಮುಕಿಸಿದರ ಗ್ವಾಡಿನೇ ಆಗ್ತಿತ್ತು.

"ರಬ್ಬರ್‌ಲೆ ತಿಕ್ಕು" ಅಂದಳು ಫೋನಿನಾಗ ನಸೀಮಾ.
ಮಗಳ ಕಂಪಾಸಿನಾಗಿನ ಕಚ್ಚಿದ ರಬ್ಬರು,
ತಪ್ಪು ಲೆಕ್ಕದ ಕರಿ ಇನ್ನಾ ಮೆತ್ತಿದ್ದು.
ರ‍್ಯಾಮಿನ ಬಂಗಾರದ ಹಲ್ಲು ತಿಕ್ಕೀನಿ,
ಒತ್ತೀನಿ. ಬೀಪು.
ಒತ್ತೀನಿ. ಬೀಪು.

ಮೂರನೇ ಸಲಕ್ಕ ಗೂಡ್ಸ್ ಗಾಡಿ ಹೋಯ್ತು,
ನೆಲ ನಡುಗ್ತು,
ಪರದೆ ಬೆಳಗ್ತು.
ರಬ್ಬರೋ, ಗಾಡಿಯೋ?

ತಾರೀಖು ಮಾತ್ರ ಜನವರಿ ಒಂದು, ೨೦೦೯.
ಆ ಲೆಕ್ಕಕ್ಕ ಈ ರಬ್ಬರಿನಾಕಿ ಇನ್ನಾ ಹುಟ್ಟಿಲ್ಲ.

ತಿದ್ದತೀನಿ, ಅವಸರ ಇಲ್ಲ.
ಮುಚ್ಚಳ ಹಾಕಂಗಿಲ್ಲ.
ಹಾಕಿದರ ಮತ್ತ ಮುನಿಸ್ಕೊಳ್ಳತದ.