ಚೀಟಿ ಬರೆದವನು

ಬೈತಖೋಲದ ದಕ್ಕೆಯಲ್ಲಿ ಬೋಟಿಗೆ ಹೆಸರು ಬರೆಯುವವ ನಾನು.
ಇಪ್ಪತ್ತಾರು ವರ್ಷ. ಸ್ಟಿಕರ್ ಅಂಗಡಿ ಬಂದಮೇಲೂ
ಕೈಬರಹವೇ ಬೇಕೆನ್ನುವ ನಾಲ್ಕು ಮಂದಿ ತಾಂಡೇಲರಿದ್ದಾರೆ.
ಕಲೆಯ ಮೇಲಿನ ಪ್ರೀತಿಯಲ್ಲ, ಉಪ್ಪುನೀರಿಗೆ ಸ್ಟಿಕರ್ ನಿಲ್ಲುವುದಿಲ್ಲ.

ಜೂನ್ ಕೊನೆ. ಮೀನುಗಾರಿಕೆ ಬಂದ್. ಕುಂಚ ಸೆಟೆದು ಒಣಗಿತ್ತು.
ಕೋಡಿಬಾಗದ ಶಾಲೆಯಿಂದ ಸಿಸ್ಟರ್ ಲೂರ್ದಿನಾ ಬಂದರು:
ಚಿತ್ರಪ್ರದರ್ಶನವಂತೆ, ಮೂವತ್ತೊಂದು ಚೀಟಿ,
ಚೀಟಿಗೆ ಹತ್ತು ರೂಪಾಯಿ, ಊಟ ಬೇರೆ.

ಟೈಪು ಮಾಡಿದ ಪಟ್ಟಿ ಕೊಟ್ಟರು.
ಹೆಸರು, ವಯಸ್ಸು, ಕೊನೆಯ ಕಾಲಮಿನಲ್ಲಿ ಶೇಕಡಾ.
ಎಪ್ಪತ್ತೈದು. ಐವತ್ತು. ತೊಂಬತ್ತು.
ಪಾಸಾದ ಅಂಕವೆಂದುಕೊಂಡೆ. ‘ಪರವಾಗಿಲ್ಲ, ಜಾಣರೇ’ ಎಂದೆ.
ಅಲ್ಲವಂತೆ. ಸರ್ಕಾರದ ಕಾರ್ಡಿನಲ್ಲಿರುವುದಂತೆ,
ಎಷ್ಟು ಕಮ್ಮಿಯೆಂದು ಡಾಕ್ಟರು ಅಳೆದದ್ದು.
ಯಾವ ಟೇಪಿನಲ್ಲಿ ಎಂದು ಕೇಳಬೇಕೆನಿಸಿತು.
ಕೇಳಲಿಲ್ಲ. ಮುನ್ನೂರ ಹತ್ತು ರೂಪಾಯಿಯ ಮಾತು.

ರಂಗಮಂದಿರದ ಪಡಸಾಲೆಯಲ್ಲಿ ನೆಲಕ್ಕೆ ಕೂತೆ.

ಕುಸಿದುಬಿದ್ದ ಕಾಳಿಯ ಹಳೇ ಸೇತುವೆ
ಇನಾಸ್ ರೊಡ್ರಿಗಸ್‌ನ ಹಾಳೆಯಲ್ಲಿ ಇನ್ನೂ ದಾಟಬಹುದು.
ನಡುವೆ ನಿಂತ ಬಸ್ಸು, ಕಂಡಕ್ಟರನಿಗೆ ಮೂರು ಕೈ,
ಮೂರನೆಯದು ಚಿಲ್ಲರೆಗಂತೆ.
ಪಕ್ಕದಲ್ಲಿ ರೈಹಾನಾಳದು, ಬರೀ ಕಪ್ಪು ಬಾಲ್‌ಪೆನ್ನು,
ತಿಕ್ಕಿ ತಿಕ್ಕಿ ಕಾಗದ ತಗಡಿನಂತೆ ಹೊಳೆಯುತ್ತದೆ,
ಪೆನ್ನು ತೂತು ಬಿದ್ದಲ್ಲಿ ರಂಗಮಂದಿರದ ಹಳದಿ ಗೋಡೆ.

ಸುಲಕ್ಷಾ ಹರಿಕಂತ್ರ, ಮೂವತ್ತನಾಲ್ಕು.
ಅವಳವು ಏಳು. ಏಳೂ ಬೋಟು.
ಬೋಟಿನ ಹೊಟ್ಟೆ ಮಾತ್ರ.
ಕ್ಯಾಬಿನ್ನು, ಧ್ವಜ, ಬಣ್ಣದ ಪಟ್ಟೆ, ನಾನು ಬರೆದ ಹೆಸರು
ಎಲ್ಲ ಹಾಳೆಯ ಅಂಚಿನಾಚೆ, ಎಲ್ಲೋ.
ಇಲ್ಲಿರುವುದು ನೀರು ತಾಗುವ ಜಾಗ:
ಕಚ್ಚಿಕೊಂಡ ಚಿಪ್ಪು, ಹಲಗೆ ಸಂದಿಗೆ ತುರುಕಿದ ಹತ್ತಿ,
ತುಕ್ಕಿನ ಗೀರು, ಒಂದು ಎಲೆ ಮುರಿದ ಫ್ಯಾನು.
ಮಳೆಗಾಲದಲ್ಲಿ ದಂಡೆಗೆಳೆದ ಬೋಟಿನಡಿ
ತಾಯಿ ಬಲೆ ಹೊಲಿಯುತ್ತಿದ್ದಳು, ಮಗಳು ಅಂಗಾತ ಮಲಗಿ ನೋಡುತ್ತಿದ್ದಳು.
ಅವೇ ಬೋಟಿಗೆ ಏಣಿ ಹಾಕಿದವನು ನಾನು.
ಒಮ್ಮೆಯೂ ಬಗ್ಗಿರಲಿಲ್ಲ.

ಹೆಸರು ಬರೆದೆ. ವಯಸ್ಸು ಬರೆದೆ.
ಶೇಕಡಾಕ್ಕೆ ಜಾಗ ಸಾಲಲಿಲ್ಲ, ಸಿಸ್ಟರ್, ಎಂದೆ.
ದಪ್ಪಕ್ಷರದ ಕೈ, ದೂರದ ಬೋಟಿಗೂ ಕಾಣಬೇಕಲ್ಲ, ರೂಢಿ.
ಅವರು ಚೀಟಿ ನೋಡಿದರು. ಅಂಗೈಯಗಲ ಬಿಳಿ ಉಳಿದಿತ್ತು.
‘ಹೌದು, ಕಾರ್ಡು ಸಣ್ಣದಾಯಿತು’ ಎಂದು
ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು.

ಉದ್ಘಾಟನೆಗೆ ಬಂದ ಸಾಹೇಬರು
‘ಇವರೆಲ್ಲ ದೇವರ ಮಕ್ಕಳು’ ಎಂದು ಶುರು ಮಾಡಿದರು.
‘ನಾನು ಶೇವಂತಿ ಮಗಳು’ ಎಂದಳು ಸುಲಕ್ಷಾ, ಮೈಕಿಗಿಂತ ಗಟ್ಟಿ.
ಇನಾಸ್ ತನ್ನ ನರೆತ ಮೀಸೆ ಸವರಿಕೊಂಡ.

ಮಾರಾಟವಾದ ಚಿತ್ರಕ್ಕೆ ಅಂಟಿಸಲು
ಕೆಂಪು ಚುಕ್ಕಿಗಳ ಹಾಳೆಯನ್ನು ಅವಳ ಕೈಗೇ ಕೊಟ್ಟಿದ್ದರು.
ಮೊದಲನೆಯದು ತಾಯಿಯ ಹಣೆಗೆ. ಆಮೇಲೆ ದೀಪದ ಕಂಬ,
ವಾಚ್‌ಮನ್ನನ ಟೋಪಿ, ಸಾಹೇಬರ ಫೈಲು,
ಚಹಾದ ಥರ್ಮಾಸು, ಖಾಲಿ ಕುರ್ಚಿಗಳು ಒಂದೂ ಬಿಡದೆ.
ನಿಜಕ್ಕೂ ಬಿಕರಿಯಾದವು ಎರಡು. ಅವಕ್ಕೆ ಚುಕ್ಕಿ ಉಳಿಯಲಿಲ್ಲ.

ಸಂಜೆ ಗುಣವಂತ ತಾಂಡೇಲ ಬಂದ, ಚಪ್ಪಲಿ ಹೊರಗೆ ಬಿಟ್ಟು.
ಐದನೆಯ ಚಿತ್ರದೆದುರು ಬಹಳ ಹೊತ್ತು ನಿಂತ.
‘ನಮ್ಮದಲ್ವಾ ಇದು? ಎರಡು ಹಲಗೆ ಕಮ್ಮಿ ಹಾಕಿದ್ದಾಳೆ.’
‘ನಿನ್ನದಲ್ಲ’ ಎಂದಳು ಅವಳು.
ಅವನು ನನ್ನ ಕಡೆ ತಿರುಗಿದ. ನಾನೇನು ಹೇಳಲಿ,
ಮೇಲೆ ಹೆಸರಿಲ್ಲ.

ರಾತ್ರಿ ಮನೆಯಲ್ಲಿ ಹೆಂಡತಿ ಬೆನ್ನು ಮುಟ್ಟಿ ನಕ್ಕಳು:
ಅಂಗಿಯ ಮೇಲೊಂದು ಕೆಂಪು ಚುಕ್ಕಿ.
‘ಯಾರು ಕೊಂಡರು ಇದನ್ನ? ಎಷ್ಟಕ್ಕೆ?’
ಮುನ್ನೂರ ಹತ್ತು ಎಂದು ಎಣಿಸಿ ಕೊಟ್ಟೆ.
ಒಗೆಯುವಾಗ ಕೀಳಬೇಡ ಎನ್ನಲು ಮರೆತೆ.