ಹಿಂದೆ ಅಂದರೆ ಬಿಹೈಂಡ್

ಮಂಗಳವಾರ, ಶುಕ್ರವಾರ, ಸಂಜೆ ಏಳಕ್ಕೆ
ಶಿಡ್ಲಘಟ್ಟದ ಉರ್ದು ಶಾಲೆಯ ಎರಡನೇ ಕೋಣೆಯಲ್ಲಿ
ಊರನ್ನು ಇಂಗ್ಲಿಷಿಗೆ ಎತ್ತಿಡುವ ಕೆಲಸ ನನ್ನದು.
ಬೆಂಚು ಮಕ್ಕಳ ಅಳತೆಯವು.
ವೆಂಕಟರೋಣಪ್ಪನ ಮೊಣಕಾಲು ಹಲಗೆಗೆ ತಾಗಿ
ಓರೆಯಾಗಿ ಕೂರುತ್ತಾನೆ, ಆಟೋದಲ್ಲಿ ಕೂತ ಹಾಗೇ.
ಮನೆಯಲ್ಲಿ ತೆಲುಗು, ಸ್ಟ್ಯಾಂಡಲ್ಲಿ ಉರ್ದು, ನನ್ನೆದುರು ಕನ್ನಡ,
ನಾಲ್ಕನೆಯದಕ್ಕೆ ಒಂಚೂರು ಸರಿದು ಜಾಗ ಬಿಡುತ್ತಾ.

ಮೊದಲು ದೇರ್ ಈಸ್.
ನಾವು ಜಾಗ ತೋರಿಸಿ, ಆಮೇಲೆ ವಸ್ತು ಇಟ್ಟು,
ಕೊನೆಗೆ 'ಇದೆ' ಅಂತ ಚಿಲಕ ಹಾಕುವವರು.
ಅವರು ಹೊಸಿಲಲ್ಲೇ 'ಇದೆ' ಅಂದುಬಿಡುತ್ತಾರೆ;
ಏನಿದೆ, ಎಲ್ಲಿದೆ, ಎಲ್ಲ ಒಳಗೆ ಬಂದ ಮೇಲೆ.
"ದೇರ್ ಅಂದ್ರೆ ಅಲ್ಲಿ ಅಂತಲ್ವಾ ಮೇಡಂ?"
ಅಲ್ಲ.
"ಮತ್ತೇನು?"
ಏನೂ ಅಲ್ಲ. ಸುಮ್ಮನೆ ಜಾಗ ಹಿಡಿದಿರುತ್ತೆ,
ಕಿಟಕಿಯಿಂದ ಬಸ್ಸಿನ ಸೀಟಿಗೆ ಎಸೆದ ಟವಲಿನ ಥರ.
ಇದೊಂದನ್ನು ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಮೊದಲ ಸಲ ಕಂಡದ್ದಕ್ಕೆ ಎ, ಪರಿಚಯವಾದ ಮೇಲೆ ದಿ.
"ನಲವತ್ತು ವರ್ಷದಿಂದ ಕೂತಿರೋ ಅರಳಿಕಟ್ಟೆ,
ಅದಕ್ಕೂ ಎ ಅನ್ನಬೇಕಾ?" ಮುನಿಯಲ್ಲಮ್ಮನ ತಕರಾರು.
ಕೇಳುವವರಿಗೆ ಹೊಸದಲ್ಲವಾ ಅಮ್ಮ, ಅಂದೆ.
"ಅವರಿಗೆ ಹೊಸದಾದ್ರೆ ನನಗೇನು?"
ದಿ ಅಂತಲೇ ಬರೆದಳು, ಒತ್ತಿ, ಹಾಳೆ ಹರಿಯುವಷ್ಟು.
ನಾನು ತಿದ್ದಲಿಲ್ಲ.

ಎಣಿಸಲು ಬರುವವಕ್ಕೆ ದೇರ್ ಆರ್.
ಹಮೀದಾಳ ಬೆರಳ ತುದಿ ಬಿಸಿನೀರಲ್ಲಿ ಬೆಂದು ಬಿಳಿಚಿ
ಪೆನ್ಸಿಲ್ಲು ಜಾರುತ್ತೆ.
"ರೇಷ್ಮೆ ಗೂಡು?" ದೇರ್ ಆರ್.
"ರೇಷ್ಮೆ?" ದೇರ್ ಈಸ್.
"ಬಾಣಲೆಗೆ ಸುರಿಯುವಾಗ ಆರ್, ರಾಟೆಗೆ ಏರಿದಾಗ ಈಸ್.
ಅಷ್ಟೇ ತಾನೇ? ಎಂಟು ಗೂಡಿನ ಎಳೆ ಒಂದಾಗೋದು
ದಿನಾ ನನ್ನ ಕೈಯಲ್ಲೇ ಆಗುತ್ತೆ."
ಇಷ್ಟು ಚೆನ್ನಾಗಿ ನಾನು ಯಾವತ್ತೂ ವಿವರಿಸಿರಲಿಲ್ಲ.
ನಡುವೆ ಸತ್ತ ಹುಳುವಿಗೆ ಯಾವುದು ಅಂತ
ಅವಳು ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಪಕ್ಕ, ಎದುರು, ನಡುವೆ, ಹಿಂದೆ.
ನಮ್ಮಲ್ಲಿ ಬಾಲದ ಹಾಗೆ ಬರುವ ಇವೆಲ್ಲ
ಅಲ್ಲಿ ಕೋಡಿನ ಹಾಗೆ ಮುಂದೆ ಬರುತ್ತವೆ.
ನಿಮ್ಮ ಬೀದಿಯ ಬಗ್ಗೆ ಐದು ವಾಕ್ಯ ಬರೆದು ತನ್ನಿ, ಅಂದೆ.

ರೋಣಪ್ಪನ ನಾಲ್ಕು ಸರಿ. ಬೇಕರಿ ಬ್ಯಾಂಕಿನ ಪಕ್ಕ,
ಗೂಡಿನ ಮಾರುಕಟ್ಟೆ ಎದುರು ಟೀ ಅಂಗಡಿ.
ಐದನೆಯದು:
ಬಿಹೈಂಡ್ ದೇರ್ ಈಸ್ ವಾಸವಿ ಟಾಕೀಸ್.
ಯಾವುದರ ಬಿಹೈಂಡ್? ಕೆಂಪು ಪೆನ್ನು ತೆಗೆದೆ.
"ಯಾವುದರದ್ದೂ ಅಲ್ಲ ಮೇಡಂ. ಹಿಂದೆ.
ನಾನು ಗೇಟಲ್ಲಿ ಕಡಲೆಕಾಯಿ ಮಾರ್ತಿದ್ದಾಗ."

ಆಗ ಹೊಳೆಯಿತು.
ಬೆನ್ನ ಕಡೆಯದಕ್ಕೂ ಹಿಂದೆ, ಕಳೆದುಹೋದದ್ದಕ್ಕೂ ಹಿಂದೆ,
ಒಂದೇ ಪದದಲ್ಲಿ ಸಂಸಾರ ಮಾಡಿಕೊಂಡು ಬಂದ ನಾವು
ತಿರುಗಿದರೆ ಕಂಡೀತು ಅಂದುಕೊಂಡೇ ಇದ್ದೇವೆ.
ಅವರಿಗೆ ಅದಕ್ಕೆ ಬೇರೆ ಮಾತು, ಬೇರೆ ಬಾಗಿಲು.

ಈಸ್ ಹೊಡೆದು ವಾಸ್ ಬರೆಯಪ್ಪ, ಈಗ ಅಲ್ಲಿ
ಟೈಲ್ಸ್ ಅಂಗಡಿ ಅಲ್ಲವಾ?
ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತ.
"ಟಾಕೀಸ್ ಹತ್ರ ಬಿಡಪ್ಪಾ ಅಂತ ಈಗಲೂ ಹತ್ತುತ್ತಾರೆ.
ಬಿಡ್ತೀನಿ. ಇಳಿದವರು ಯಾರೂ
ಟಾಕೀಸ್ ಎಲ್ಲಿ ಅಂತ ಕೇಳಿಲ್ಲ.
ವಾಸ್ ಅಂತ ಬರೆದ್ರೆ ಅವರನ್ನ ಎಲ್ಲಿ ಇಳಿಸ್ಲಿ?"

ಐದಕ್ಕೆ ನಾಲ್ಕೂವರೆ ಕೊಟ್ಟೆ.

ಅಷ್ಟರಲ್ಲಿ ಕರೆಂಟು ಹೋಯಿತು. ಮೊಬೈಲು ಬೆಳಕಲ್ಲಿ
ಹಮೀದಾ ಬೋರ್ಡು ಒರೆಸಿದಳು, ಮುನಿಯಲ್ಲಮ್ಮ ಚಪ್ಪಲಿ ಹುಡುಕಿದಳು.
ಆಟೋ ಹತ್ತಿ ಕೂತೆ.
"ಎಲ್ಲಿ ಮೇಡಂ ಮನೆ?"
ಟಾಕೀಸ್ ಹಿಂದೆ, ಅಂದುಬಿಟ್ಟಿತ್ತು ನನ್ನ ಬಾಯಿ.
ಕನ್ನಡಿಯಲ್ಲಿ ಅವನ ಹಲ್ಲು ಕಂಡವು.
ಯಾವ ಹಿಂದೆ ಅಂತ ಕೇಳದೆ ಗೇರು ಹಾಕಿದ.