ಒಂದು ಸೆಕೆಂಡಿನ ಸುದ್ದಿ

ಮೂರು ಸಾವಿರ ಕೋಟಿ ವರ್ಷಕ್ಕ
ಒಂದಽ ಒಂದು ಸೆಕೆಂಡ್ ತಪ್ಪೋ ಗಡಿಯಾರ ಮಾಡ್ಯಾರಂತ.
ಫಕ್ಕೀರೇಶ ಪೇಪರ್ ಓದಿ ಹೇಳಿದ.
ಝೆರಾಕ್ಸ್ ಮಷೀನು ಬಿಸಿ ಆಗೂತನಕ
ಅವನಿಗೆ ಬ್ಯಾರೆ ಕೆಲಸಿಲ್ಲ.

ಆತು. ತಪ್ಪಿದ ಮ್ಯಾಲ ಅದನ್ನ
ಯಾರ ಹಂತ್ಯಾಕ ಒಯ್ಯಬೇಕು?
ನನ್ನ ಗಿರಾಕಿ ಎಂಟು ದಿನಕ್ಕ ತಿರುಗಿ ಬರ್ತಾನ,
'ಮತ್ತ ಐದು ಮಿನಿಟು ಹಿಂದ' ಅಂತಾನ,
ಮುಚ್ಚಳ ತಗದು, ಊದಿ, ಮುಚ್ಚಿ ಕೊಡ್ತೀನಿ.
ರೊಕ್ಕ ಇಸಗೊಳ್ಳೂದಿಲ್ಲ; ಉಸಿರಿಗೆ ಎಂಥಾ ರೊಕ್ಕ.
ಆ ಗಡಿಯಾರಕ್ಕ ಊದಾಕ
ಅವಾಗ ಯಾರು ಉಳದಿರ್ತಾರ?

ಟಾಂಗಾಕೂಟದಾಗ ಈಗ ಟಾಂಗಾ ಇಲ್ಲ.
ನನ್ನ ಗೋಡಿಗೆ ಹದಿನೇಳು ಗಡಿಯಾರ,
ಹದಿನೇಳು ವ್ಯಾಳ್ಯಾ.
'ಖರೇ ಟೈಮ್ ಯಾವುದು ಚಾಚಾ?' ಅಂದವರಿಗೆ
ಎದುರಿನ ಚಾದಂಗಡಿ ರೇಡಿಯೋ ತೋರಿಸ್ತೀನಿ.

ಚಂದ್ರನ ಮ್ಯಾಲ ನೀರು ಐತಂತ, ಅಂದ.
ಎಷ್ಟು ದಿನಕ್ಕೊಮ್ಮೆ ಬಿಡ್ತಾರಂತ? ಅಂದೆ.
ಖಾಲಿ ಕೊಡಾ ಹಿಡಕೊಂಡು ಹೊಂಟಿದ್ದ ಬಸಲಿಂಗವ್ವ
ನಿಂತು ನಕ್ಕಳು.
ನಮ್ಮ ಓಣಿಗೆ ಅವತ್ತು ಹನ್ನೆರಡನೇ ದಿನ.

ಅಲ್ಲೆ ವ್ಯಾಳ್ಯಾನೂ ಒಂಚೂರು ಜೋರು ಓಡ್ತೈತಂತ.
ಹಂಗಿದ್ರ ನಮ್ಮ ಹುಬ್ಬಳ್ಳಿ ಪ್ಯಾಸೆಂಜರ್
ಒಂದೆರಡು ತಿಂಗಳು ಅಲ್ಲೇ ಓಡಸ್ರಿ,
ಲೇಟು ತೀರಿದ್ರೂ ತೀರೀತು.

ಭೂಮಿ ಒಂದು ದಿನ
ಒಂದೂಕಾಲು ಮಿಲಿಸೆಕೆಂಡ್ ಲಗೂ ತಿರುಗಿತ್ತಂತ.
ತಾರೀಖು ನೋಡಿದೆ.
ನಾ ಬ್ಯಾಂಕಿನ್ಯಾಗ ನಿಂತ ದಿನ ಅದು.
ನಲವತ್ಮೂರು ವರ್ಷ ಸ್ಕ್ರೂ ತಿರುವಿ ತಿರುವಿ
ಬೆರಳಿನ ಗೆರಿ ಸವದಾವ, ಮಷೀನು ಗುರುತು ಹಿಡೀಲಿಲ್ಲ.
'ನೀವು ನೀವಽ ಅನ್ನೂದು ಗೊತ್ತಾಗವಲ್ದು' ಅಂದ್ಲು ಹುಡುಗಿ.
ಊಟದ ಬಿಡುವು ಮುಗಿಯೂತನಕ ನಿಂತೆ.
ಭೂಮಿ ಅವಸರ ಮಾಡಿದ್ದು
ಆ ಸಾಲಿನ್ಯಾಗ ಒಬ್ಬರಿಗೂ ಗೊತ್ತಾಗಲಿಲ್ಲ.

ಇನ್ನ ಯಂತ್ರ ಬಂದು ಎಲ್ಲಾರ ಕೆಲಸ ಕಸಗೊಳ್ತೈತಿ ಅನ್ನೂ ಸುದ್ದಿ.
ಇದನ್ನ ಫಕ್ಕೀರೇಶ ಒಂದು ವಾರ ಓದಿದ, ದನಿ ಸಣ್ಣ ಮಾಡಿ.
ಹೆದರಬ್ಯಾಡ ಬಾ, ಕೂಡು.
ನಂದು ಮೊಬೈಲ್ ಬಂದಾಗಽ ಹೋತು,
ಅದರಾಗ ಕ್ಯಾಮೆರಾ ಬಂದಾಗ ನಿಂದು ಅರ್ಧಾ ಹೋತು.
ಸಾಲಿನ್ಯಾಗ ನಾವು ಮುಂದದೀವಿ,
ದೊಡ್ಡ ದೊಡ್ಡ ಮಂದಿ ಈಗ ಹಿಂದ ಬರಾಕತ್ಯಾರ;
ಬೆಂಚು ಸರಿಸಿ ಜಾಗಾ ಕೊಡೂಣು.
ಅರ್ಧಾ ಚಾ ಹೇಳು.

ಮೊನ್ನೆ ಡಂಬಳದ ಕೊಟ್ರಮ್ಮ ನರ್ಸ್
ಕರೇ ಬಿಲ್ಲೆಯಂಥಾ ವಾಚೊಂದು ತಂದ್ಲು.
ಮುಳ್ಳಿಲ್ಲ, ಚಾವಿ ಇಲ್ಲ,
ಒಳಗ ಇಣುಕಾಕ ಬಾಗಿಲಿಲ್ಲ.
'ಪಟ್ಟಿ ಹರದೈತಿ, ಅಷ್ಟ ಹಾಕಿ ಇಡ್ರಿ.'
ಹಾಕಿದೆ. ಸರಿ ಕೂತೈತೋ ಇಲ್ಲೋ ನೋಡೂನಂತ
ನನ್ನ ಕೈಗೇ ಕಟಗೊಂಡು ಕೆಲಸಕ್ಕ ಕೂತೆ.

ತಾಸಿಗೊಮ್ಮೆ ಗುಂಯ್ ಅಂತಿತ್ತು: ಎದ್ದು ನಿಲ್ಲಿರಿ.
ಇಷ್ಟು ವರ್ಷ ಕೂತು ದುಡದಾಂವಗ
ಒಂದು ವಾಚು ಹೇಳ್ತೈತಿ, ಎದ್ದು ನಿಲ್ಲಿರಿ!
ನಮ್ಮಪ್ಪ ಸೈತ ಹಂಗ ಅಂದಾಂವಲ್ಲ.

ಸಂಜೀಕ ಶಟರ್ ಎಳಿಯೂ ಹೊತ್ತಿಗೆ ಮತ್ತ ಗುಂಯ್:
ಶಾಬಾಸ್, ಆರು ಸಾವಿರ ಹೆಜ್ಜಿ ನಡದೀರಿ.

ನಾ ಎದ್ದದ್ದು ನಮಾಜಿಗೆ ಎರಡು ಸಲ,
ರಸ್ತೆ ದಾಟಿದ್ರ ಮಸೂತಿ.
'ಕೂತಲ್ಲೇ ಬೆಟಗೇರಿ ಮುಟ್ಟಿ ಬಂದ್ರಿ ಚಾಚಾ!'
ಫಕ್ಕೀರೇಶ ಬಿದ್ದು ಬಿದ್ದು ನಕ್ಕ.
ನಾನೂ ನಕ್ಕೆ.
ಆಮ್ಯಾಲ ಕೈ ಮೇಜಿನ ಮ್ಯಾಲ ಇಟ್ಟು ನೋಡಿದೆ.

ಸಣ್ಣ ಸ್ಕ್ರೂ ಎರಡು ವರ್ಷದಿಂದ ಯಾಕ ಜಾರ್ತಾವ ಅಂತ
ಮನ್ಯಾಗ ಹೇಳಿಲ್ಲ. ತಪ್ಪು ಚಷ್ಮಾದ ಮ್ಯಾಲ ಹಾಕಿದ್ದೆ.
ಇದು ಒಂದಽ ದಿನದಾಗ ಎಣಿಸಿ ಇಟ್ಟೈತಿ.
ನಡಗೂದಕ್ಕೂ ನಡಿಯೂದಕ್ಕೂ ಫರಕು ತಿಳೀದ ಜಾಣ!
ಬೈಬೇಕಂದೆ, ಬಾಯಿ ಬರಲಿಲ್ಲ.

ಮರುದಿನ ಕೊಟ್ರಮ್ಮ ಬಂದ್ಲು.
ವಾಚಿನ ಲೆಕ್ಕ ನೋಡಿದ್ಲು, ನನ್ನ ಕೈ ನೋಡಿದ್ಲು,
ಪಟ್ಟಿ ಚಲೋ ಕೂತೈತಿ ಅಂದ್ಲು,
ಮತ್ತ ಕೈ ನೋಡಿದ್ಲು.
'ಮಂಗಳವಾರ ದೊಡ್ಡ ಡಾಕ್ಟರ್ ಬರ್ತಾರ,
ಹತ್ತಕ್ಕ ಬಂದುಬಿಡ್ರಿ.'

ಯಾವ ಗಡಿಯಾರದ ಹತ್ತು? ಅಂದೆ,
ಹದಿನೇಳೂ ತೋರಿಸಿ.